ಗೀಸರ್ ಜೋಡಣೆ: ಯಾವ ಕೆಲಸ ನಮ್ಮದು, ಯಾವುದು ಎಲೆಕ್ಟ್ರಿಷಿಯನ್ನರದು?

ಪ್ರಶ್ನೆ: ಮನೆಗೆ 25 ಲೀಟರಿನ ಗೀಸರ್ ತಂದಿದ್ದೇವೆ. ನಲ್ಲಿ ಜೋಡಿಸುವುದು, ಗೋಡೆಗೆ ಡ್ರಿಲ್ ಹಾಕುವುದು ನನಗೆ ರೂಢಿಯಿದೆ. ಬಚ್ಚಲುಮನೆಯಲ್ಲಿ ಒಂದು ಪ್ಲಗ್ ಪಾಯಿಂಟ್ ಇದೆ. ನಮ್ಮದು ಬೋರ್‌ವೆಲ್ ನೀರು. ನಾನೇ ಗೀಸರ್ ಕೂರಿಸಬಹುದೇ?
– ಓದುಗರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಗೋಡೆಗೆ ಕೂರಿಸುವುದನ್ನೂ ಪೈಪು ಜೋಡಿಸುವುದನ್ನೂ ನೀವು ಮಾಡಬಹುದು. ವಿದ್ಯುತ್ತಿನ ಕೆಲಸವನ್ನು ಮಾತ್ರ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ. ಕಂಪನಿಯವರೇ ಜೋಡಿಸಿದರೆ ಮಾತ್ರ ವಾರಂಟಿ ಎಂಬ ಷರತ್ತು ಇದೆಯೇ ಎಂಬುದನ್ನೂ ಮೊದಲೇ ಓದಿಕೊಳ್ಳಿ.

ನೀರೊಂದೇ 25 ಕಿಲೋ ತೂಗುವುದರಿಂದ, ಗಿಲಾವಿನ ಆಳಕ್ಕಷ್ಟೇ ಇಳಿಯುವ ಸ್ಕ್ರೂ ಸಾಲದು. ಆಂಕರ್ ಬೋಲ್ಟ್ ಬೇಕು. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಕಲ್ಲಿನ ಗೋಡೆಯಾದರೆ ಬೋಲ್ಟ್ ಸಂದಿಯಲ್ಲಿ ಹೋಗದೆ ಕಲ್ಲಿನಲ್ಲೇ ಕೂರಬೇಕು. ನೀಲಿ ಗುರುತಿನ ಬಾಯಿ ತಣ್ಣೀರಿಗೆ, ಕೆಂಪು ಬಿಸಿನೀರಿಗೆ. ಬಿಸಿನೀರಿನ ಕಡೆಗೆ ಸಾಮಾನ್ಯ ಪಿವಿಸಿ ಬೇಡ, ಬಿಸಿ ತಾಳುವ ಸಿಪಿವಿಸಿ ಪೈಪನ್ನೇ ಬಳಸಿ. ಗೀಸರಿನೊಂದಿಗೆ ಬರುವ ಸೇಫ್ಟಿ ವಾಲ್ವನ್ನು ತಣ್ಣೀರಿನ ಬಾಯಿಗೆ ತಪ್ಪದೆ ಹಾಕಿ. ಕಾಯುವಾಗ ನೀರು ಹಿಗ್ಗುವುದರಿಂದ ಅದರಿಂದ ಆಗಾಗ ಹನಿ ತೊಟ್ಟಿಕ್ಕುವುದು ಸಹಜ. ಸೋರಿಕೆಯೆಂದು ಭಾವಿಸಿ ಅದರ ಬಾಯಿ ಮುಚ್ಚಿದರೆ ಒತ್ತಡವೇರಿ ಟ್ಯಾಂಕೇ ಒಡೆಯುವ ಅಪಾಯವಿದೆ.

ಇನ್ನು ನಿಮ್ಮ ಪ್ಲಗ್ ಪಾಯಿಂಟಿನ ಮಾತು. 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಆದ್ದರಿಂದ 6 ಆಂಪಿಯರಿನ ಸಾಮಾನ್ಯ ಪಾಯಿಂಟ್ ನಡೆಯದು. 16 ಆಂಪಿಯರಿನ ಸಾಕೆಟ್, ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಮತ್ತು ಪ್ರತ್ಯೇಕ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಬಿದ್ದು ಸರಬರಾಜು ನಿಲ್ಲಿಸುವ ಸ್ವಿಚ್) ಇರಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್, ಅದರಲ್ಲೂ ನಮ್ಮ ಭಾಗದಲ್ಲಿ. ಗಡುಸು ನೀರಿನ ಸುಣ್ಣದಂತಹ ಪದರ ನೀರು ಕಾಯಿಸುವ ಕಾಯಿಲಿನ ಮೇಲೆ ಕಟ್ಟಿಕೊಂಡಾಗ ಒಳಗಿನ ಶಾಖ ನೀರಿಗೆ ಇಳಿಯದೆ ಕಾಯಿಲ್ ಮಿತಿಮೀರಿ ಕಾಯುತ್ತದೆ. ಒಂದು ದಿನ ಅದರ ಹೊರಕವಚ ಬಿರಿದರೆ ಕರೆಂಟ್ ನೇರವಾಗಿ ಸ್ನಾನದ ನೀರಿಗೇ ಬರಬಹುದು. ಆಗ ಜೀವ ಉಳಿಸಬೇಕಾದ ಅರ್ಥಿಂಗ್ ಗುಂಡಿ ಬೇಸಿಗೆಯ ಬಿಸಿಲಿಗೆ ಒಣಗಿದ್ದರೆ ಕರೆಂಟನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ, ಎಂಸಿಬಿಯೂ ಬೀಳುವುದಿಲ್ಲ. ಫೇಸಿಗೂ ಅರ್ಥಿಗೂ ಬಲ್ಬ್ ಹಚ್ಚಿ ನೋಡಿ ‘ಅರ್ಥಿಂಗ್ ಸರಿಯಿದೆ’ ಎನ್ನುವ ಪದ್ಧತಿಯನ್ನು ದಯವಿಟ್ಟು ನಂಬಬೇಡಿ. 100 ವ್ಯಾಟಿನ ಬಲ್ಬ್ ಉರಿಯಲು ಅರ್ಧ ಆಂಪಿಯರೂ ಬೇಕಿಲ್ಲ. ಎಂಸಿಬಿ ಕೂಡಲೇ ಬೀಳಲು ಹತ್ತಾರು ಆಂಪಿಯರ್ ಹರಿಯಬೇಕು. ಎಲೆಕ್ಟ್ರಿಷಿಯನ್ನರು ಅರ್ಥ್ ಟೆಸ್ಟರಿನಿಂದಲೇ ಅಳೆಯಲಿ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುತ್ತಿರಿ. ಇದರ ಜೊತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನು (ಕರೆಂಟ್ ಸ್ವಲ್ಪ ಸೋರಿದರೂ ಕೂಡಲೇ ಸರಬರಾಜು ಕಡಿಯುವ ಸ್ವಿಚ್) ಹಾಕಿಸಲೇಬೇಕೆಂದು ಒತ್ತಿ ಹೇಳುತ್ತೇನೆ. ಮನೆಯಲ್ಲಿ ಮಕ್ಕಳೂ ವಯಸ್ಸಾದವರೂ ಅದೇ ನೀರಿಗೆ ಕೈಯೊಡ್ಡುತ್ತಾರೆ. ಈ ಖರ್ಚಿನಲ್ಲಿ ಉಳಿತಾಯ ನೋಡಬೇಡಿ.

ಮೊದಲ ಸಲ ಬಿಸಿನೀರಿನ ನಲ್ಲಿ ತೆರೆದಿಟ್ಟು, ಗಾಳಿಯೆಲ್ಲ ಹೋಗಿ ನೀರು ಒಂದೇ ಸಮನೆ ಬಂದ ಮೇಲಷ್ಟೇ ಸ್ವಿಚ್ ಹಾಕಿ. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಸುಟ್ಟುಹೋಗುತ್ತದೆ.

ಪ್ರಶ್ನೆ: ನಮ್ಮ ಗೀಸರ್ ಕಾಯುವಾಗ ಒಳಗೆ ಕುದಿಯುವಂತೆ ಸದ್ದು ಬರುತ್ತದೆ, ನೀರು ಬಿಸಿಯಾಗಲು ಮೊದಲಿಗಿಂತ ತಡವಾಗುತ್ತಿದೆ. ಗೀಸರ್ ಬದಲಿಸಬೇಕೇ?
– ಓದುಗರೊಬ್ಬರು, ಕುಷ್ಟಗಿ, ಕೊಪ್ಪಳ ಜಿಲ್ಲೆ

ಉತ್ತರ: ಈಗಲೇ ಬದಲಿಸಬೇಕಿಲ್ಲ. ಕಾಯಿಲಿನ ಮೇಲೆ, ಮೇಲೆ ಹೇಳಿದ ಪದರವೇ ಕಟ್ಟಿರುವ ಸಾಧ್ಯತೆ ಹೆಚ್ಚು. ಮೆಕ್ಯಾನಿಕ್ಕರನ್ನು ಕರೆಸಿ ಕಾಯಿಲ್ ಮತ್ತು ಟ್ಯಾಂಕ್ ಸ್ವಚ್ಛ ಮಾಡಿಸಿ. ತುಕ್ಕನ್ನು ತಾನೇ ಹೊತ್ತುಕೊಂಡು ಟ್ಯಾಂಕನ್ನು ಕಾಪಾಡುವ ಮೆಗ್ನೀಸಿಯಮ್ ಕಂಬಿ ಸವೆದಿದ್ದರೆ ಅದನ್ನೂ ಬದಲಿಸಿ. ನೀರು ಹೆಚ್ಚು ಕಾದಷ್ಟೂ ಪದರ ಬೇಗ ಕಟ್ಟುವುದರಿಂದ ಬಿಸಿಯ ಮಿತಿ ಹೊಂದಿಸುವ ಥರ್ಮೋಸ್ಟಾಟನ್ನು 60 ಡಿಗ್ರಿಗಿಂತ ಮೇಲೆ ಇಡಬೇಡಿ. ನೀರು ಮುಟ್ಟಿದಾಗ ಸಣ್ಣಗೆ ಜುಮ್ಮೆಂದರೂ ಮೇನ್ ಸ್ವಿಚ್ ಆರಿಸಿ, ಪರೀಕ್ಷೆ ಮುಗಿಯುವ ತನಕ ಆ ಗೀಸರನ್ನು ಬಳಸಬೇಡಿ.