ಇರುವೆ ನೋಡುವ ಹುಡುಗನಿಗೆ ಬರವಣಿಗೆ ಕಲಿಸುವುದು ಹೇಗೆ?

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಪ್ರಬಂಧ ಬರಿ ಅಂದರೆ ಮೂರು ಸಾಲು ಬರೆದು ಪೆನ್ಸಿಲ್ ಕೆಳಗಿಡುತ್ತಾನೆ. ಕಥೆ ಪುಸ್ತಕ ಮುಟ್ಟುವುದೇ ಇಲ್ಲ. ಆದರೆ ಗೋಡೆ ಮೇಲೆ ಇರುವೆ ಸಾಲು ಕಂಡರೆ ಗಂಟೆಗಟ್ಟಲೆ ಅಲ್ಲೇ ಕೂತಿರುತ್ತಾನೆ. ಈ ಹುಚ್ಚು ಬಿಡಿಸುವುದು ಹೇಗೆ?
— ಒಬ್ಬ ತಾಯಿ

ಉತ್ತರ: ದಯವಿಟ್ಟು ಬಿಡಿಸಬೇಡಿ ಅಮ್ಮಾ. ಎಷ್ಟೋ ಮಕ್ಕಳು ಬರೆಯದೆ ಕೂರುವುದು ಹೇಳುವುದಕ್ಕೆ ಏನೂ ಹೊಳೆಯದೆ. ನಿಮ್ಮ ಮಗನ ಹತ್ತಿರ ಹೇಳುವುದು ರಾಶಿ ಇದೆ.

ಮೊದಲು ಬರೆಸಬೇಡಿ, ಮಾತಾಡಿಸಿ. ಪಕ್ಕದಲ್ಲಿ ಕೂತುಕೊಳ್ಳಿ. 'ಇರುವೆ ಹೋಯ್ತು' ಅಂತಾನೆ. ಹೇಗೆ ಹೋಯ್ತು ಅಂತ ಕೇಳಿ. ಓಡಿತಾ, ಬಿರುಕಿನೊಳಗೆ ನುಸುಳಿತಾ, ಎದುರಿಗೆ ಬಂದ ಇನ್ನೊಂದಕ್ಕೆ ಮೀಸೆ ತಾಗಿಸಿ ಗಕ್ಕನೆ ತಿರುಗಿ ಹೊರಟಿತಾ? ನಡಿಗೆ ಒಂದಕ್ಕೇ ಕನ್ನಡದಲ್ಲಿ ಎಷ್ಟೊಂದು ಕ್ರಿಯಾಪದಗಳಿವೆ, ಅವು ಅವನಿಗೆ ಪಾಠಕ್ಕಿಂತ ಆ ಗೋಡೆ ಮುಂದೆ ಬೇಗ ಸಿಗುತ್ತವೆ.

ಇನ್ನೊಂದು ಮಾಡಿ ನೋಡಿ. ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ, ಸಾಲಿಗೆ ಅಡ್ಡವಾಗಿ ಒಮ್ಮೆ ಒರೆಸಲಿ. ಇರುವೆಗಳು ಅಲ್ಲಿಗೆ ಬಂದು ತಡವರಿಸುತ್ತವೆ, ಅತ್ತಿತ್ತ ಹುಡುಕಾಡುತ್ತವೆ. ಮುಂದೆ ಹೋದವು ಬಿಟ್ಟ ವಾಸನೆ ಹಿಡಿದು ಹಿಂದಿನವು ನಡೆಯುವುದು, ಆ ವಾಸನೆ ಈಗ ಅಳಿಸಿಹೋಗಿದೆ. ಏನಾಯಿತು ಅಂತ ಹೇಳಲು ಹೊರಟರೆ 'ಯಾಕಂದರೆ', 'ಅಷ್ಟರಲ್ಲಿ', 'ಆದರೂ' ಬೇಕೇ ಬೇಕು. ಅವನ ಮೂರು ಸಾಲಿನ ಪ್ರಬಂಧದಲ್ಲಿ ಇಲ್ಲದ್ದು ಇವೇ ಅಲ್ವಾ?

ಆಮೇಲೆ ಒಂದು ಸಣ್ಣ ನೋಟ್‌ಬುಕ್ ಕೊಡಿ. ದಿನಾಂಕ, ಹೊತ್ತು, ಒಂದು ಚಿತ್ರ, ಕೆಳಗೆ ಎರಡು ಸಾಲು ಸಾಕು. ಆ ಪುಸ್ತಕಕ್ಕೆ ಕೆಂಪು ಪೆನ್ನು ಮಾತ್ರ ಮುಟ್ಟಿಸಬೇಡಿ. ಅವನು 'ಹೊತವು' ಅಂತ ಬರೆದರೆ, ಮಾರನೇ ದಿನ ಪುಟದ ನಡುವೆ ಒಂದು ಚೀಟಿ ಇಡಿ: 'ಆ ಸತ್ತ ಜೀರುಂಡೆಯನ್ನು ಎಷ್ಟು ಇರುವೆಗಳು ಹೊತ್ತವು?' ಉತ್ತರ ಬರೆಯುವಾಗ ಒತ್ತು ತಾನಾಗಿ ಕಣ್ಣಿಗೆ ಬೀಳುತ್ತದೆ.

ಓದಿಗೆ ಸದ್ಯ ಕಥೆ ಬೇಡ, ಕೀಟಗಳ ಪುಸ್ತಕ ಕೊಡಿ. ಸಾಲಿನಲ್ಲಿ ದುಡಿಯುವ ಇರುವೆಗಳೆಲ್ಲ ಹೆಣ್ಣು ಅಂತ ಓದಿದ ದಿನ ಮನೆಯವರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ ನೋಡಿ.

ಒಂದು ಪುಟ ಬರೆದರಷ್ಟೇ ಇರುವೆ ನೋಡಬಹುದು ಅಂತ ಷರತ್ತು ಹಾಕಬೇಡಿ, ಅವತ್ತಿಂದ ಅದೂ ಹೋಂವರ್ಕ್ ಆಗಿಬಿಡುತ್ತದೆ. ಅವನು ಬರೆಯದ ದಿನ ಸುಮ್ನೆ ಜೊತೆಗೆ ಕೂತು ನೋಡಿ.