ಹೊಳೆದಂಡೆಯಲ್ಲಿ ಕಟ್ಟಿ ಹೊಳೆಗೂ ಒಳ್ಳೆಯದು ಮಾಡಬಹುದೇ?

ಪ್ರಶ್ನೆ: ಕುಮಟಾ ಬಳಿ ಅಘನಾಶಿನಿಯ ದಂಡೆಗೆ ತಾಗಿ 20 ಗುಂಟೆ ಕೊಂಡಿದ್ದೇನೆ. ಹೋಂಸ್ಟೇ ಕಟ್ಟುವವರು ಹೊಳೆಯ ಜೀವಿಗಳಿಗೆ ನೆರವಾಗಲೇಬೇಕು ಎಂಬ ನಿಯಮ ನಮ್ಮಲ್ಲಿದೆಯೇ? ಇಂಗ್ಲೆಂಡಿನಲ್ಲಿ ಇದೆಯಂತೆ.

ಅಲ್ಲಿ ಇದೆ. 2024ರಿಂದ, ಕೆಲವು ವಿನಾಯಿತಿ ಬಿಟ್ಟರೆ, ಕಟ್ಟುವವರು ಮೊದಲಿದ್ದ ಜೀವನೆಲೆಯ ಮೌಲ್ಯವನ್ನು ಕನಿಷ್ಠ ಶೇ 10ರಷ್ಟು ಹೆಚ್ಚಿಸಿ 30 ವರ್ಷ ಕಾಪಾಡಬೇಕು. ಹೊಳೆ, ತೊರೆಗಳಿಗೆ ಪ್ರತ್ಯೇಕ ಲೆಕ್ಕ. ದಂಡೆ ಕೆಡಿಸಿ ಹಿತ್ತಲಲ್ಲಿ ನಾಲ್ಕು ಮರ ನೆಟ್ಟೆ ಎಂದರೆ ನಡೆಯುವುದಿಲ್ಲ.

ನಮ್ಮ ಕರಾವಳಿ ನಿಯಂತ್ರಣ ವಲಯದ ನಿಯಮ ಮುಖ್ಯವಾಗಿ ನೋಡುವುದು ನೀವು ಎಷ್ಟು ದೂರ ನಿಂತಿದ್ದೀರಿ ಎಂಬುದನ್ನು. 2019ರ ಅಧಿಸೂಚನೆಯಂತೆ ಭರತದ, ಅಂದರೆ ಸಮುದ್ರದ ಉಬ್ಬರದ, ನೀರು ಬರುವ ಹೊಳೆಯಲ್ಲಿ ಗರಿಷ್ಠ ಭರತರೇಖೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಜಾಗ ಈ ವಲಯಕ್ಕೆ ಸೇರುತ್ತದೆ. 2011ರಲ್ಲಿ ಇದು 100 ಮೀಟರ್ ಇತ್ತು. ಅಘನಾಶಿನಿ ಸಮುದ್ರ ಸೇರುವ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೂ, ಸೇರಿದೆ. ಹಾಗಾಗಿ ಭೂಪರಿವರ್ತನೆಗೆ ಓಡುವ ಮೊದಲು ಕರಾವಳಿ ವಲಯದ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರ್ ಎಲ್ಲಿ ಬೀಳುತ್ತದೆ ನೋಡಿ.

ನಾನು ಕಾರವಾರದಲ್ಲಿ ಮನೆಗಳ ನಕ್ಷೆ ಬರೆಯುವವನು. ಸಂಕೋಚದಿಂದಲೇ ಹೇಳುತ್ತೇನೆ: ಮಾವನ ಜಾಗಕ್ಕೆ ಹೊಳೆಯಂಚಿನಲ್ಲೇ ಚಿರೇಕಲ್ಲಿನ ಪಾಗಾರ ಎಬ್ಬಿಸಿದವನೂ ನಾನೇ. ಉಪ್ಪುನೀರಿನ ದಂಡೆಯಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನಲ್ಲಿ ಸೋತು ನಿಲ್ಲುತ್ತಿದ್ದ ನೀರು ಗೋಡೆಗೆ ಬಡಿದು ಬುಡದ ಕೆಸರನ್ನೇ ಕೊರೆಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪಕ್ಕದವರ ಮೂರು ತೆಂಗಿನಮರ ಹೊಳೆಗೆ ವಾಲಿದವು. ಕೆಸರೇ ಇಲ್ಲದ ಮೇಲೆ ಏಡಿ ಎಲ್ಲಿಂದ ಬರಬೇಕು? ಇಳಿತದ ಹೊತ್ತಿಗೆ ಕೆಸರಿನ ಚಿಪ್ಪುಜೀವಿ ಬಳಚು ಆಯಲು ಬರುತ್ತಿದ್ದ ಹೆಂಗಸರು ಒಂದು ದಿನವೂ ಬೈಯಲಿಲ್ಲ, ಬರುವುದನ್ನು ಬಿಟ್ಟರು.

ಆದ್ದರಿಂದ ಪಾಗಾರ ಬೇಡ. ಇದ್ದ ಕಾಂಡ್ಲಾ ಕಡಿಯಬೇಡಿ. ಬೋಳಾದ ಕಡೆ ಅನುಮತಿ ಕೇಳಿ ಅದರ ಕೋಲಿನಂಥ ಕಾಯಿಗಳನ್ನು ಕೆಸರಿಗೆ ಊರಿ. ಜಾಗದೊಳಗೆ ಹೊಳೆಯ ನೀರು ಬಂದುಹೋಗುವ ಸಣ್ಣ ಕೋಡಿ ಇದ್ದರೆ ಪೈಪಿಗೆ ತುರುಕದೆ ತೆರೆದೇ ಬಿಡಿ, ಮೀನಿನ ಮರಿಗಳಿಗೆ ಅದೇ ದಾರಿ. ಶೌಚದ ಗುಂಡಿ ರಸ್ತೆಯ ಬದಿಗಿರಲಿ. ಬಳಚು ನೀರನ್ನು ಸೋಸಿ ತಿನ್ನುವ ಜೀವಿ. ನಿಮ್ಮ ಅತಿಥಿಗಳು ಹೊಳೆಗೆ ಬಿಟ್ಟದ್ದು ಅವರ ತಟ್ಟೆಗೇ ಮರಳೀತು! ಹೊಳೆಯ ಕಡೆಗೆ ದೀಪವನ್ನೂ ಹಾಕಬೇಡಿ, ನೀರುನಾಯಿಗಳು ಬೆಳಕಿಗೆ ಹೆದರುತ್ತವೆ.

ಮುಂದಿನ ಅಮಾವಾಸ್ಯೆಯ ಭರತಕ್ಕೆ ಜಾಗದಲ್ಲೇ ನಿಂತು ನೀರು ಎಲ್ಲಿಯವರೆಗೆ ಏರುತ್ತದೋ ಅಲ್ಲೊಂದು ಗೂಟ ಹೊಡೆಯಿರಿ. ಸರ್ಕಾರಿ ರೇಖೆ ನಕ್ಷೆಯಲ್ಲಿರುತ್ತದೆ, ಗೂಟ ನಿಮ್ಮ ಕಣ್ಣಿಗಾಗಿ. ಕೊಠಡಿ ಎಷ್ಟು ಎಂಬುದನ್ನು ಆಮೇಲೆ ಮಾತಾಡೋಣ.