1969ರ ಕ್ಯಾಮರೋಗೆ ಬೇರೆ ಬ್ಲಾಕ್ ಬೇಕು, ಯಾವುದನ್ನು ಕೊಳ್ಳಲಿ?

ನಿಮ್ಮ ಪ್ರಶ್ನೆ ಇಷ್ಟು: ಒಹಾಯೋದಲ್ಲಿ 1969ರ ಶೆವರ್ಲೆ ಕ್ಯಾಮರೋ ಕೊಂಡಿದ್ದೀರಿ, 350 (ಘನ ಇಂಚಿನ) ಇಂಜಿನ್, ಕ್ಲಚ್ ಇರುವ ಗಾಡಿ. ಹೆಡ್ ಬಿಚ್ಚಿದರೆ ಒಂದು ಸಿಲಿಂಡರ್ ಬಿರುಕು ಬಿಟ್ಟಿದೆ. ಅದೇ ಕಾಲದ ಹಳೇ ಬ್ಲಾಕ್ (ಸಿಲಿಂಡರುಗಳಿರುವ ಇಂಜಿನ್ನಿನ ಎರಕದ ಒಡಲು) ಹುಡುಕಲಾ, 90ರ ದಶಕದ ಪಿಕಪ್ ಟ್ರಕ್ಕಿನದನ್ನು ಹಾಕಲಾ, ಇಲ್ಲ ಹೊಸ ಬ್ಲಾಕ್ ತರಿಸಲಾ? ಊರಲ್ಲಿ ಅಪ್ಪನ ಲಾರಿಗೆ ಲೈನರ್ (ಸಿಲಿಂಡರಿನ ಒಳಗೋಡೆಯಾಗುವ ಕೊಳವೆ) ಬದಲಿಸಿದ ಹಾಗೆ ಇದಕ್ಕೂ ಆಗಲ್ವಾ ಅಂತಲೂ ಕೇಳಿದ್ದೀರಿ.

ಲೈನರ್ ವಿಷಯದಿಂದಲೇ ಶುರು ಮಾಡ್ತೀನಿ. ಲಾರಿಯ ಡೀಸೆಲ್ ಇಂಜಿನ್‌ನಲ್ಲಿ ಲೈನರ್ ಬೇರೆ, ಬ್ಲಾಕ್ ಬೇರೆ. ಸವೆದರೆ ಎಳೆದು ಹೊಸದು ಕೂರಿಸುತ್ತಾರೆ. ಈ ಶೆವರ್ಲೆ ಬ್ಲಾಕಿನಲ್ಲಿ ಲೈನರ್ ಇಲ್ಲ. ಸಿಲಿಂಡರ್ ಗೋಡೆಯೂ ಬ್ಲಾಕೂ ಒಂದೇ ಎರಕ. ಆದರೂ ದಾರಿ ಇದೆ. ಒಡೆದ ಸಿಲಿಂಡರನ್ನು ದೊಡ್ಡದಾಗಿ ಬೋರ್ ಮಾಡಿ, ಕಬ್ಬಿಣದ ಸ್ಲೀವ್ ಒತ್ತಿ ಕೂರಿಸಿ, ಮತ್ತೆ ಅಳತೆಗೆ ತರಬಹುದು. ಒಳ್ಳೆಯ ಮಷೀನ್ ಶಾಪಿಗೆ ಇದು ದಿನನಿತ್ಯದ ಕೆಲಸ.

ಹಾಗಾಗಿ ಬೇರೆ ಬ್ಲಾಕ್ ಹುಡುಕುವ ಮುಂಚೆ, ಈಗ ಇರುವುದು ಗಾಡಿಯ ಜೊತೆಗೇ ಹುಟ್ಟಿದ್ದಾ ಅಂತ ನೋಡಿ. ಬಲಗಡೆ (ಎಡ-ಬಲ ಎಲ್ಲ ಸೀಟಿನಲ್ಲಿ ಕೂತು ನೋಡಿದ ಹಾಗೆ) ಹೆಡ್ಡಿನ ಮುಂದೆ, ವಾಟರ್ ಪಂಪ್ ಪಕ್ಕದಲ್ಲಿ, ಬ್ಲಾಕಿನ ಮೇಲೆ ಒಂದು ಚಿಕ್ಕ ಸಪಾಟು ಜಾಗ ಇದೆ. ಎಣ್ಣೆ ಜಿಡ್ಡನ್ನು ಸಾಲ್ವೆಂಟ್ ಹಾಕಿ ಬಟ್ಟೆಯಲ್ಲಿ ಒರೆಸಿ. ತಂತಿ ಬ್ರಷ್, ಮರಳು ಕಾಗದ ಮುಟ್ಟಿಸಲೇಬೇಡಿ. ಅಲ್ಲಿ ಫ್ಯಾಕ್ಟರಿಯ ಅಕ್ಷರ, ತಿಂಗಳು, ತಾರೀಕು, ಕೊನೆಗೆ ಇಂಜಿನ್ ಯಾವ ಬಗೆಯದು ಅನ್ನುವ ಕೋಡ್ ಇರುತ್ತದೆ. V ಅಂತ ಶುರುವಾದರೆ ಮಿಷಿಗನ್ನಿನ ಫ್ಲಿಂಟ್ ಕಾರ್ಖಾನೆ. ಗಾಡಿಯ ವಿನ್ ನಂಬರಿನ (ಪ್ರತಿ ಗಾಡಿಗೂ ಕಾರ್ಖಾನೆ ಕೊಡುವ ಗುರುತಿನ ಸಂಖ್ಯೆ, VIN) ಕೊನೆಯ ಆರು ಅಂಕಿಗಳೂ ಬ್ಲಾಕಿನ ಮೇಲೆ ಒತ್ತಿರುತ್ತವೆ. ಈ ಜಾಗದಲ್ಲಿ ಕಾಣದಿದ್ದರೆ ಆಯಿಲ್ ಫಿಲ್ಟರ್ ಮೇಲ್ಗಡೆ ಹುಡುಕಿ, ಆ ವರ್ಷ ಅಲ್ಲೂ ಒತ್ತುತ್ತಿದ್ದರು.

ನಂಬರ್ ಹೊಂದಿತು ಅಂತ ಅಷ್ಟಕ್ಕೇ ಖುಷಿ ಪಡಬೇಡಿ. ಟಾರ್ಚನ್ನು ಅಡ್ಡಕ್ಕೆ ಹಿಡಿದು ನೋಡಿ. ಫ್ಯಾಕ್ಟರಿಯಲ್ಲಿ ಬ್ಲಾಕಿನ ಮೇಲ್ಮೈ ಹೆರೆದಾಗ ಬಿದ್ದ ಸಣ್ಣ ಸಣ್ಣ ಗೀರುಗಳು ಮುಂದಿನಿಂದ ಹಿಂದಕ್ಕೆ ನೇರವಾಗಿ ಓಡುತ್ತವೆ. ಗೀರು ವೃತ್ತಾಕಾರವಾಗಿದ್ದರೆ, ಅಥವಾ ಜಾಗ ಕನ್ನಡಿಯ ಹಾಗೆ ನುಣ್ಣಗಿದ್ದರೆ, ಯಾರೋ ಆಮೇಲೆ ಹೆರೆದಿದ್ದಾರೆ. ನಂಬರನ್ನೂ ಆಮೇಲೆ ಹೊಡೆದಿರುವ ಸಾಧ್ಯತೆ ಜಾಸ್ತಿ.

ಅಸಲಿ ಬ್ಲಾಕ್ ಆಗಿದ್ದು, ಬಿರುಕು ಒಂದೇ ಸಿಲಿಂಡರಿಗೆ ನಿಂತಿದ್ದರೆ, ಸ್ಲೀವ್ ಹಾಕಿಸಿ ಅದನ್ನೇ ಉಳಿಸಿಕೊಳ್ಳಿ. ಅದರಲ್ಲೂ ಎಸ್‌ಎಸ್ (ಸೂಪರ್ ಸ್ಪೋರ್ಟ್) ಗಾಡಿಯಾಗಿದ್ದರೆ ಎರಡನೇ ಮಾತೇ ಬೇಡ. ಶಾಪಿನವರಿಗೆ ಮಾತ್ರ ಮೊದಲೇ ಬರೆದು ಕೊಡಿ: ಡೆಕ್ (ಹೆಡ್ ಕೂರುವ ಮೇಲ್ಮೈ) ಹೆರೆಯುವಾಗ ಆ ನಂಬರಿನ ಜಾಗಕ್ಕೆ ಕೈ ಹಾಕಬಾರದು.

ಅಸಲಿ ಅಲ್ಲವೇ? ಹಾಗಿದ್ದರೆ ನಂಬರಿನ ಹಿಂದೆ ಬೀಳಬೇಡಿ. ನಿಮ್ಮ ಗಾಡಿಯ ತಾರೀಕಿಗೆ ಹತ್ತಿರದ ಬ್ಲಾಕ್ ಅಂತ ಹೇಳಿ ದುಪ್ಪಟ್ಟು ಕೇಳುವವರು ಸಿಗ್ತಾರೆ. ಅದು ಹಾಕಿದರೂ ಗಾಡಿ ಅಸಲಿ ಆಗಲ್ಲ. ನಿಮ್ಮ ವಿನ್ ನಂಬರನ್ನೇ ಹೊಡೆದು ಕೊಡ್ತೀವಿ ಅನ್ನುವವರೂ ಇದ್ದಾರೆ. ಅದು ಮುಂದೆ ಕೊಳ್ಳುವವನಿಗೆ ಮಾಡುವ ಮೋಸ, ದೂರ ಇರಿ.

ನಾನಾದರೆ 3970010 ಅನ್ನುವ ಎರಕದ ನಂಬರಿನ ಬ್ಲಾಕ್ ಹುಡುಕ್ತೀನಿ. ನಂಬರ್ ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಕೂರುವ ಅಂಚಿನ ಮೇಲೆ, ಎಡಗಡೆ ಉಬ್ಬಿಕೊಂಡಿರುತ್ತದೆ. 1969ರಿಂದ 70ರ ದಶಕದ ಉದ್ದಕ್ಕೂ ಇದು ಬಂತು. ಅದೇ ಅಂಚಿನ ಬಲಗಡೆ ಎರಕದ ತಾರೀಕು ಇರುತ್ತದೆ. C 12 9 ಅಂದರೆ ಮಾರ್ಚ್ 12, ವರ್ಷ 9. ಆ 9 ಅಂದರೆ 1969 ಆಗಬಹುದು, 1979ರೂ ಆಗಬಹುದು! ಮಾರುವವರು ಯಾವುದನ್ನು ಹೇಳ್ತಾರೆ ಅಂತ ನಾನು ಹೇಳಬೇಕಾ? ಆದರೆ ಓಡಿಸಲು ಯಾವುದಾದರೂ ನಡೆಯುತ್ತದೆ. ನಿಮ್ಮ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ), ಫ್ಲೈವೀಲ್, ಇಂಜಿನ್ ಮೌಂಟ್, ಎಡಗಡೆಯ ಡಿಪ್‌ಸ್ಟಿಕ್ ಎಲ್ಲ ಹಾಗೇ ಕೂರುತ್ತವೆ. ಕ್ಲಚ್ ಲಿಂಕೇಜಿನ ಗುಂಡು ಕೂರುವ ತೂತು ಕೊರೆದು ಒಳಗೆ ಥ್ರೆಡ್ ಹಾಕಿದೆಯಾ ಅಂತ ಮಾತ್ರ ನೋಡಿಕೊಳ್ಳಿ.

ನಾಲ್ಕು ಬೋಲ್ಟಿನ ಮೇನ್ ಕ್ಯಾಪ್ (ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ತುಂಡು) ಇರುವುದೇ ಬೇಕು ಅಂತ ಹಟ ಹಿಡಿಯಬೇಡಿ. ರಸ್ತೆಯಲ್ಲಿ ಓಡಿಸುವ 350 ಹಾರ್ಸ್‌ಪವರಿನ ಇಂಜಿನ್‌ಗೆ ಎರಡು ಬೋಲ್ಟ್ ಧಾರಾಳ. ನನ್ನ ಪ್ರಕಾರ ಆ ದುಡ್ಡನ್ನು ಅಳತೆ ಮಾಡಿಸಲು ಖರ್ಚು ಮಾಡುವುದು ವಾಸಿ.

ಏಕೆಂದರೆ ಹಳೇ ಬ್ಲಾಕಿನಲ್ಲಿ ನೀವು ಕೊಳ್ಳುವುದು ಉಳಿದಿರುವ ಗೋಡೆಯ ದಪ್ಪವನ್ನು. ಮೂಲ ಬೋರ್ (ಸಿಲಿಂಡರಿನ ವ್ಯಾಸ) 4.000 ಇಂಚು. ಅದಕ್ಕಿಂತ 0.030 ಇಂಚು ದೊಡ್ಡದು, ಅಂದರೆ ಓವರ್‌ಸೈಜ್, ಮಾಡಿರುವುದು ಸಾಮಾನ್ಯ. 0.060ಕ್ಕೆ ಹೋಗಿದ್ದರೆ ಅಲ್ಲಿಗೆ ಮುಗಿಯಿತು ಅಂದುಕೊಳ್ಳಿ. ಪಿಸ್ಟನ್ ತಲೆಯ ಮೇಲೆ 030 ಅಂತ ಹೊಡೆದಿರುತ್ತಾರೆ, ಇಂಗಾಲ ಕೆರೆದು ನೋಡಿ. ಬೋರಿನ ಮೇಲ್ತುದಿಗೆ ಉಗುರು ಎಳೆಯಿರಿ. ಮೆಟ್ಟಿಲಿನ ಹಾಗೆ ತಡೆದರೆ ಮತ್ತೆ ಬೋರ್ ಮಾಡಿಸಲೇಬೇಕು. ಚಳಿ ರಾಜ್ಯಗಳ ಬ್ಲಾಕ್ ಆದರೆ ಲಿಫ್ಟರ್ (ವಾಲ್ವ್ ಎತ್ತುವ ಬಿಡಿಭಾಗ) ಕೂರುವ ಕಣಿವೆಯಲ್ಲಿ, ಪಕ್ಕದ ಗೋಡೆಗಳಲ್ಲಿ ತುಕ್ಕಿನ ಸಣ್ಣ ಗೆರೆ ಹುಡುಕಿ. ಕೂಲೆಂಟ್ ಬದಲು ಬರೀ ನೀರು ಬಿಟ್ಟು, ಅದು ಹೆಪ್ಪುಗಟ್ಟಿ ಒಡೆದದ್ದು ಹೀಗೇ ಕಾಣುವುದು. ಹೊಸದಾಗಿ ಕಿತ್ತಳೆ ಬಣ್ಣ ಬಳಿದ ಬ್ಲಾಕನ್ನು ಇನ್ನೂ ಹುಷಾರಾಗಿ ನೋಡಿ, ಮೇಲೆ ಥಳಕು ಒಳಗೆ ಹುಳುಕು ಇರಬಹುದು. ಇದೆಲ್ಲ ಸರಿ ಇದ್ದರೂ, ಶಾಪಿನಲ್ಲಿ ಮ್ಯಾಗ್ನಫ್ಲಕ್ಸ್ (ಅಯಸ್ಕಾಂತದಿಂದ ಬಿರುಕು ಹುಡುಕುವುದು) ಮತ್ತು ಸೋನಿಕ್ ಟೆಸ್ಟ್ (ಶಬ್ದದ ಅಲೆಯಿಂದ ಗೋಡೆಯ ದಪ್ಪ ಅಳೆಯುವುದು) ಪಾಸಾದರೆ ಮಾತ್ರ ಪೂರ್ತಿ ದುಡ್ಡು ಅಂತ ಮಾತಾಡಿಕೊಳ್ಳಿ. ಎರಕ ಹೊಯ್ಯುವಾಗ ಒಳಗಿನ ಅಚ್ಚು ಸ್ವಲ್ಪ ಸರಿದರೆ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆಗಿರುತ್ತದೆ. ಅದು ಕಣ್ಣಿಗೆ ಕಾಣಲ್ಲ.

ಟ್ರಕ್ಕಿನ ಬ್ಲಾಕ್ ಅಗ್ಗ, ನಿಜ. ಆದರೆ 1986ರಿಂದ ಹಿಂಬದಿಯ ಕ್ರ್ಯಾಂಕ್ ಸೀಲ್ ಎರಡು ತುಂಡಿನ ಬದಲು ಒಂದೇ ತುಂಡಾಯಿತು. ನಿಮ್ಮ ಕ್ರ್ಯಾಂಕ್ ಕೂರಬೇಕಾದರೆ ಅಡಾಪ್ಟರ್ ಬೇಕು. ಅದರ ಕ್ರ್ಯಾಂಕನ್ನೇ ಹಾಕಿದರೆ ತೂಕ ಹೊಂದಿಸಿದ ಬೇರೆ ಫ್ಲೈವೀಲ್ ಬೇಕು. ಡಿಪ್‌ಸ್ಟಿಕ್ ಬಲಗಡೆ. ರೋಲರ್ ಲಿಫ್ಟರಿನ (ತುದಿಯಲ್ಲಿ ಉರುಳೆ ಇರುವ ಲಿಫ್ಟರ್) ಆಸೆ ಇದ್ದರೆ ಮಾತ್ರ ಇದರ ಕಡೆ ನೋಡಿ.

ಹೊಸದು, ಅಂದರೆ ಡಾರ್ಟ್ ಕಂಪನಿಯ ಎಸ್‌ಎಚ್‌ಪಿ ಬ್ಲಾಕ್ ಥರದ್ದು, ದಪ್ಪ ಗೋಡೆಯ ಒಳ್ಳೆಯ ಮಾಲು. ಸ್ಟ್ರೋಕ್ ಜಾಸ್ತಿ ಮಾಡಿ ಪವರ್ ಏರಿಸುವ ಯೋಚನೆ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಆದರೆ ಪೆಟ್ಟಿಗೆ ಬಿಚ್ಚಿ ಹಾಗೇ ಜೋಡಿಸಲು ಆಗಲ್ಲ, ಬೋರನ್ನು ಕೊನೆಯ ಅಳತೆಗೆ ಹೋನ್ ಮಾಡಿಸಬೇಕು (ಸಾಣೆಕಲ್ಲಿನಿಂದ ನಯವಾಗಿ ಉಜ್ಜಿಸಬೇಕು). ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ನಂಬರಿನ ಜಾಗದ ಫೋಟೋ ಇಲ್ಲಿ ಹಾಕಿದರೆ ನೋಡಿ ಹೇಳ್ತೀನಿ. ವಿನ್ ನಂಬರಿನ ಕೊನೆಯ ಮೂರು ಅಂಕಿ ಮುಚ್ಚಿ ಹಾಕಿ.